ಸಾಸಿವೆ ಗಾತ್ರದ ಕೆಂಪು ಚುಕ್ಕೆ: ಕಾರ್ಖಾನೆಯಲ್ಲಿ ಪೈಪು ತಯಾರಾಗುವ ಬಗೆ

ಪ್ರಶ್ನೆ: ನಮ್ಮ ತಾತನ ಟ್ರಂಕಿನಲ್ಲಿ ಒಂದು ಹಳೆಯ ತಂಬಾಕಿನ ಪೈಪು ಸಿಕ್ಕಿತು. ಕತ್ತಿನ ಒಂದು ಬದಿಯಲ್ಲಿ ‘ಬ್ರುಯೇರ್ ಗರಾಂತಿ’ ಎಂದೂ ಇನ್ನೊಂದು ಬದಿಯಲ್ಲಿ ‘ಸೇಂಟ್ ಕ್ಲೋಡ್’ ಎಂದೂ ಅಚ್ಚೊತ್ತಿದೆ. ಪಕ್ಕದಲ್ಲಿ ಒಂದು ಸಂಖ್ಯೆಯಿದೆ. ಕಂಪನಿಯ ಹೆಸರಿಲ್ಲ. ಬಟ್ಟಲಿನ ಮೇಲೆ ಸಾಸಿವೆ ಗಾತ್ರದ ನಸುಗೆಂಪು ಚುಕ್ಕೆಗಳು. ಬಾಯಿಗಿಡುವ ಕಪ್ಪು ಭಾಗ ಹಸಿರು ಮಿಶ್ರಿತ ಕಂದಾಗಿದೆ. ಇದು ಕೈಯಲ್ಲಿ ಮಾಡಿದ್ದೋ, ಕಾರ್ಖಾನೆಯದ್ದೋ? ಕಾರ್ಖಾನೆಯದ್ದಾದರೆ ಹೇಗೆ ಮಾಡುತ್ತಾರೆ? ಮರಗೆಲಸ ಸ್ವಲ್ಪ ಗೊತ್ತಿದೆ. ಬೀಟೆಯಲ್ಲೋ, ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದಲ್ಲೋ ಇಂಥದ್ದನ್ನು ನಾನೇ ಮಾಡಬಹುದೇ?

ಉತ್ತರ: ಕಾರ್ಖಾನೆಯದ್ದೇ. ಪಕ್ಕದಲ್ಲಿರುವ ಸಂಖ್ಯೆ ಆಕಾರದ ನಂಬರು. ಅದೇ ಆಕಾರದ ಪೈಪುಗಳನ್ನು ಡಜನ್‌ಗಟ್ಟಲೆ ತರಿಸಿಕೊಳ್ಳುವ ಅಂಗಡಿಯವರ ಅನುಕೂಲಕ್ಕೆಂದು ಹಾಕಿದ್ದು. ‘ಬ್ರುಯೇರ್’ ಎಂದರೆ ಮರದ ಹೆಸರು, ಇಂಗ್ಲಿಷರ ಬಾಯಲ್ಲಿ ಅದೇ ಬ್ರಯರ್ ಆಯಿತು. ‘ಗರಾಂತಿ’ ಎಂಬುದು ಮರ ಅಸಲಿ ಬ್ರಯರ್ ಎಂಬುದಕ್ಕಷ್ಟೇ ಖಾತ್ರಿ. ಪೈಪು ಮೇಲ್ದರ್ಜೆಯದ್ದು ಎಂದೇನೂ ಅದರ ಅರ್ಥವಲ್ಲ. ಸೇಂಟ್ ಕ್ಲೋಡ್ ಫ್ರಾನ್ಸಿನ ಪೂರ್ವ ಭಾಗದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿರ, ಜ್ಯೂರಾ ಬೆಟ್ಟಗಳ ನಡುವಿನ ಸಣ್ಣ ಪಟ್ಟಣ. ಅಲ್ಲಿಯ ಕಾರ್ಖಾನೆಗಳು ತಮ್ಮ ಹೆಸರಿನಲ್ಲಿ ಮಾರಿದ್ದಕ್ಕೂ ಸಗಟು ವ್ಯಾಪಾರಿಗಳು ಕೇಳಿದ ಹೆಸರು ಒತ್ತಿ, ಇಲ್ಲವೇ ಹೆಸರೇ ಒತ್ತದೆ ಕಳಿಸಿದ್ದಕ್ಕೂ ಲೆಕ್ಕವಿಲ್ಲ. ನಿಮ್ಮದು ಆ ಕೊನೆಯ ಜಾತಿಯದು.

ಆ ಕೆಂಪು ಚುಕ್ಕೆಗಳನ್ನು ನೀವು ಕೊಳೆಯೆಂದೋ ಹುಳುವಿನ ತೂತೆಂದೋ ಭಾವಿಸಿರಬಹುದು. ಅವು ಪುಟ್ಟಿ. ಅವು ಅಲ್ಲಿಗೆ ಹೇಗೆ ಬಂದವು ಎಂದು ಹೇಳುತ್ತ ಹೋದರೆ ಇಡೀ ಕಾರ್ಖಾನೆಯ ಕಥೆಯೇ ಬಿಚ್ಚಿಕೊಳ್ಳುತ್ತದೆ. ಪೈಪಿನ ಆಕಾರ ಕೊರೆಯುವುದು ಮಷಿನ್ನಿಗೆ ಕೆಲವೇ ನಿಮಿಷದ ಕೆಲಸ. ಮರ ತನ್ನೊಳಗೆ ಏನನ್ನು ಬಚ್ಚಿಟ್ಟುಕೊಂಡಿದೆ ಎಂಬುದು ಕೊರೆದ ಮೇಲೆಯೇ ತಿಳಿಯುವುದು, ಅದರ ಮೇಲೆಯೇ ಪೈಪಿನ ಬೆಲೆ, ಬಣ್ಣ, ಹೆಸರು ಎಲ್ಲವೂ ನಿಂತಿರುವುದು.

ಮೊದಲು ಮರದಿಂದ ಶುರು ಮಾಡೋಣ. ಎರಿಕಾ ಆರ್ಬೋರಿಯಾ ಎಂಬ ಪೊದೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುತ್ತದೆ: ಕಾರ್ಸಿಕಾ, ಇಟಲಿಯ ಕಲಾಬ್ರಿಯಾ ಮತ್ತು ಟಸ್ಕನಿ, ಗ್ರೀಸ್, ಅಲ್ಜೀರಿಯಾ, ಮೊರಾಕೊ. ಪೈಪಿಗೆ ಬೇಕಾದದ್ದು ಕಾಂಡವೂ ಅಲ್ಲ, ಬೇರೂ ಅಲ್ಲ. ಎರಡೂ ಕೂಡುವಲ್ಲಿ, ನೆಲದ ಮಟ್ಟದಲ್ಲಿ, ಗಡ್ಡೆಯಂತೆ ಉಬ್ಬಿಕೊಳ್ಳುವ ಗಂಟು. ಕಾಡ್ಗಿಚ್ಚಿಗೆ ಮೇಲಿನದೆಲ್ಲ ಸುಟ್ಟರೂ ಗಿಡ ಮತ್ತೆ ಚಿಗುರುವುದು ಈ ಗಂಟಿನಿಂದಲೇ. ನೀರು ಕೂಡಿಟ್ಟುಕೊಳ್ಳುವ, ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡ, ಗಟ್ಟಿಯಾದ, ಬೇಗ ಕರಕಲಾಗದ ಮರ. ಕೆಂಡದ ಪಕ್ಕ ಕೂರಬೇಕು, ತೇವ ಹೀರಬೇಕು, ಹೊರಮೈ ಕೈ ಸುಡಬಾರದು. ಈ ಮೂರೂ ಒಟ್ಟಿಗೆ ಸಿಗುವ ಮರಗಳು ತೀರಾ ಕಡಿಮೆ. ಪೈಪಿಗೆ ಸಾಲುವಷ್ಟು ದಪ್ಪಗಾಗಲು ಗಂಟಿಗೆ ಕನಿಷ್ಠ 30 ವರ್ಷವಾದರೂ ಬೇಕು.

ಆದರೆ ಆ ಗಂಟು ಬೆಳೆಯುವುದು ಕಲ್ಲು ನೆಲದಲ್ಲಿ. ಬೆಳೆಯುತ್ತ ಮರಳು ಕಾಳು, ಸಣ್ಣ ಕಲ್ಲು, ಸತ್ತ ಬೇರಿನ ತುದಿ ಎಲ್ಲವನ್ನೂ ನುಂಗಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಯಾವುದೂ ಕಾಣುವುದಿಲ್ಲ. ಚುಕ್ಕೆಯ ಕಥೆ ಹುಟ್ಟುವುದು ಇಲ್ಲಿಯೇ.

ಕಿತ್ತ ಗಂಟನ್ನು ಬಿಸಿಲಿಗೆ ಬಿಟ್ಟರೆ ಕೆಟ್ಟಿತು. ಹೊರಪದರ ಒಣಗಿ ಕುಗ್ಗುತ್ತದೆ, ಒಳಗಿನದು ಹಸಿಯಾಗಿಯೇ ಉಳಿಯುತ್ತದೆ, ನಡುವೆ ಸೀಳು ಬಿಡುತ್ತದೆ. ಅದಕ್ಕೇ ಗರಗಸದ ಮಿಲ್ಲಿಗೆ ಬಂದ ಗಂಟುಗಳನ್ನು ನೆರಳಿನಲ್ಲಿ ರಾಶಿ ಹಾಕಿ, ಒದ್ದೆ ಗೋಣಿಯನ್ನೋ ಹಸಿ ಮಣ್ಣನ್ನೋ ಮುಚ್ಚಿ, ಮೇಲೆ ನೀರು ಚಿಮುಕಿಸುತ್ತ ಇಡುತ್ತಾರೆ. ಕೊಯ್ಯುವುದು ವೃತ್ತಾಕಾರದ ಗರಗಸದಲ್ಲಿ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲಿನತ್ತ ತಾನೇ ತಳ್ಳುತ್ತ, ಪ್ರತಿ ಸೀಳಿಗೂ ಒಳಮೈ ನೋಡಿ ಮುಂದಿನ ಸೀಳು ಎಲ್ಲಿ ಎಂದು ಅಲ್ಲಿಂದಲ್ಲೇ ತೀರ್ಮಾನಿಸಬೇಕು. ನಡುವಿನ ಕೆಂಪು ತಿರುಳು ಬಿರುಕು ಬಿಟ್ಟಿರುತ್ತದೆ, ಅದನ್ನು ಎಸೆಯುತ್ತಾರೆ. ಹೊರ ಅಂಚಿನ, ತೊಗಟೆಯ ಒರಟು ಮೈ ಉಳಿದಿರುವ ಅಗಲ ತುಂಡುಗಳಿಗೆ ಪ್ಲಾಟೋ ಎಂದು ಹೆಸರು. ಅವು ಹೆಚ್ಚಾಗಿ ಕೈಕಸುಬಿನವರಿಗೆ ಹೋಗುತ್ತವೆ. ಅದರ ಒಳಗಿನ ಮರದಿಂದ ಬರುವ ಸಣ್ಣ ತುಂಡುಗಳು ಎಬೋಶೋನ್. ಕಾರ್ಖಾನೆಯ ಅನ್ನ ಇದೇ. ನೇರ ಪೈಪಿಗೆ ಕೊಯ್ದ ಎಬೋಶೋನಿಗೆ ಮಾರ್ಸೆಯೇಜ್, ಬಾಗಿದ ಪೈಪಿನದಕ್ಕೆ ರೆಲೆವೆ ಎಂದು ಬೇರೆ ಬೇರೆ ಹೆಸರಿದೆ. ಅಂದರೆ ನಿಮ್ಮ ಪೈಪು ನೇರವೋ ಬಾಗಿದ್ದೋ ಎಂಬುದು ಕಾರ್ಖಾನೆಗಿಂತ ಮುಂಚೆ, ಗರಗಸದವನ ಕೈಯಲ್ಲೇ ನಿರ್ಧಾರವಾಗಿರುತ್ತದೆ.

ಮುಂದೆ ಬೇಯಿಸುವುದು. ತಾಮ್ರದ ಹಂಡೆಗಳಲ್ಲಿ ತುಂಡುಗಳನ್ನು ಸುಮಾರು 12 ಗಂಟೆ, ಕೆಲವು ಮಿಲ್ಲುಗಳಲ್ಲಿ ಅದಕ್ಕೂ ಹೆಚ್ಚು ಹೊತ್ತು ಕುದಿಸುತ್ತಾರೆ. ರಸವೂ ಟ್ಯಾನಿನ್ನೂ ಬಿಟ್ಟುಕೊಂಡು ನೀರು ಕಷಾಯದಂತೆ ಕೆಂಪುಕಂದು ಬಣ್ಣಕ್ಕೆ ತಿರುಗುತ್ತದೆ. ಸರಿಯಾಗಿ ಬೇಯದ ಮರದ ಪೈಪು ಮೊದಮೊದಲು ಸೇದುವಾಗ ಕಹಿ ಕಾರುತ್ತದೆ, ಒಣಗುವಾಗ ಸೀಳುವುದೂ ಜಾಸ್ತಿ. ಬೆಂದ ತುಂಡುಗಳನ್ನು ಗಾಳಿ ನೇರ ಬೀಸದ ಕೋಣೆಯಲ್ಲಿ ಪೇರಿಸಿ, ಆಗಾಗ ಮಗುಚಿ ಹಾಕುತ್ತ, ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಿಧಾನಕ್ಕೆ ಒಣಗಿಸುತ್ತಾರೆ. ಅವಸರ ಮಾಡಿ ಶಾಖ ಕೊಟ್ಟು ಒಣಗಿಸಿದ ಮರ ಆಗ ನೆಟ್ಟಗೇ ಕಂಡರೂ ಕೊರೆದು ಪೈಪು ಮಾಡಿದ ಮೇಲೆ ಕತ್ತಿನ ತೂತು ಕುಗ್ಗಿ ಮೊಟ್ಟೆಯ ಆಕಾರ ತಾಳುತ್ತದೆ, ಸ್ಟೆಮ್, ಅಂದರೆ ಬಾಯಿಗಿಡುವ ಭಾಗ, ಸಿಕ್ಕಿಕೊಳ್ಳುತ್ತದೆ. ಒಣಗಿದೆಯೇ ಎಂದು ತಿಳಿಯುವ ಹಳೆಯ ಉಪಾಯ ಸರಳ: ಒಂದು ತುಂಡನ್ನು ಗುರುತಿಟ್ಟು ವಾರ ವಾರ ತೂಗುವುದು. ತೂಕ ಇಳಿಯುವುದು ನಿಂತರೆ ಹದವಾಯಿತು.

ಕಾರ್ಖಾನೆಗೆ ಗೋಣಿಚೀಲಗಳಲ್ಲಿ ಬಂದ ಎಬೋಶೋನನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಮಷಿನ್ನಿನ ದವಡೆ ಹಿಡಿಯಲು ಅನುಕೂಲವಾಗುವಂತೆ ಬದಿಗಳನ್ನು ಸಮ ಮಾಡಿಕೊಳ್ಳುತ್ತಾರೆ. ಆಮೇಲೆ ಮೂರು ಹಂತ.

ಮೊದಲನೆಯದು ಬಟ್ಟಲು. ತಂಬಾಕು ತುಂಬುವ ಗುಳಿಯನ್ನು ಕೊರೆಯುವ ಬಾಚಿಯಂಥ ಬ್ಲೇಡು ಗುಳಿಯ ತಳದ ಆಕಾರಕ್ಕೇ ಮಸೆದಿರುತ್ತದೆ. ಅದು ಒಳಗೆ ಹೋಗುತ್ತಿರುವಾಗಲೇ ಬಟ್ಟಲಿನ ಹೊರಮೈಯ ಮೇಲರ್ಧವನ್ನು ಇನ್ನೊಂದು ಅಲಗು ದುಂಡಗೆ ಮಾಡುತ್ತದೆ. ಒಳಗು ಹೊರಗು ಎರಡೂ ಒಂದೇ ಅಕ್ಷದ ಮೇಲೆ ಆಗುವುದರಿಂದ ಗೋಡೆ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ. ಸಾಮಾನ್ಯ ಅಳತೆಯ ಪೈಪಿನಲ್ಲಿ ಗುಳಿಯ ಅಗಲ 18ರಿಂದ 20 ಮಿಲಿಮೀಟರ್, ಆಳ 35ರಿಂದ 40. ಬ್ಲೇಡು ಮೊಂಡಾಗಿದ್ದರೆ ಮರವನ್ನು ಕೊಯ್ಯದೆ ಉಜ್ಜುತ್ತದೆ, ಗುಳಿಯ ಒಳಮೈ ಸುಟ್ಟು ಹೊಳೆಯುತ್ತದೆ.

ಎರಡನೆಯದು ಕತ್ತು. ತುಂಡನ್ನು ತಿರುಗಿಸಿ ಹಿಡಿದು ಕತ್ತಿನ ಹೊರಮೈ ಕಡೆದು, ಅದರ ತುದಿಯನ್ನು ಚಪ್ಪಟೆ ಮಾಡಿ, ಸ್ಟೆಮ್ ಕೂರುವ ಅಗಲದ ತೂತನ್ನೂ ಅದರ ತಳದಿಂದ ಬಟ್ಟಲಿಗೆ ಹೋಗುವ ಸಣ್ಣ ಹೊಗೆದಾರಿಯನ್ನೂ ಕೊರೆಯುತ್ತಾರೆ. ಹೊಗೆದಾರಿ ಮೂರೂವರೆಯಿಂದ ನಾಲ್ಕು ಮಿಲಿಮೀಟರ್. ಕಾರ್ಖಾನೆಯ ಪೈಪು ಹೆಚ್ಚಾಗಿ ಎಡವುವುದು ಈ ನಾಲ್ಕು ಮಿಲಿಮೀಟರಿನಲ್ಲೇ. ಹೊಗೆದಾರಿ ಗುಳಿಯ ತಳಕ್ಕೆ, ನಟ್ಟನಡುವೆ ಬಂದು ತೆರೆದುಕೊಳ್ಳಬೇಕು. ಗಂಟಿನ ಎಳೆಗಳು ಸುತ್ತಿಕೊಂಡಿರುವುದರಿಂದ ಉದ್ದನೆಯ ತೆಳು ಡ್ರಿಲ್ಲು ಗಟ್ಟಿ ಎಳೆಯಿಂದ ಜಾರಿ ಮೆತ್ತನೆಯ ಕಡೆಗೆ ವಾಲುತ್ತದೆ. ಒಂದೆರಡು ಮಿಲಿಮೀಟರ್ ಮೇಲೆ ತೆರೆದರೆ ಅದರ ಕೆಳಗಿನ ತಂಬಾಕಿಗೆ ಗಾಳಿ ಎಳೆಯುವುದಿಲ್ಲ, ತಳದಲ್ಲಿ ಒದ್ದೆ ಮುದ್ದೆ ಉಳಿಯುತ್ತದೆ. ತಳಕ್ಕಿಂತ ಕೆಳಗೆ ಹೋದರೆ ಗುಳಿಯ ಬುಡದಲ್ಲಿ ಕಾಲುವೆ ಬೀಳುತ್ತದೆ, ಅಲ್ಲಿ ಮರ ತೆಳ್ಳಗಾಗುತ್ತದೆ. ಬಾಗಿದ ಪೈಪಿನಲ್ಲಿ ಇನ್ನೊಂದು ತೊಡಕು: ಸ್ಟೆಮ್ಮಿನ ತೂತು ಒಂದು ಕೋನದಲ್ಲಿ, ಹೊಗೆದಾರಿ ಇನ್ನೊಂದು ಕೋನದಲ್ಲಿ ಬಂದರೆ ನಡುವೆ ಮೆಟ್ಟಿಲಾಗಿ ಸ್ವಚ್ಛ ಮಾಡುವ ಕಡ್ಡಿ ಅಲ್ಲೇ ತಡೆದು ನಿಲ್ಲುತ್ತದೆ. ನಿಮ್ಮದನ್ನು ಟಾರ್ಚು ಹಿಡಿದು ಮೇಲಿನಿಂದ ನೋಡಿ, ತೂತು ಎಲ್ಲಿ ತೆರೆದಿದೆ ಎಂದು ತಿಳಿಯುತ್ತದೆ. ಅಚ್ಚಿನಲ್ಲಿ ಯಾರ ಹೆಸರಿದೆ ಎಂಬುದಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಮೂರನೆಯ ಹಂತ ಯಾಕೆ ಬೇಕು ಎಂಬುದು ಕಡಸಲು ಕೆಲಸ ಬಲ್ಲ ಯಾರಿಗಾದರೂ ಥಟ್ಟನೆ ಹೊಳೆಯುತ್ತದೆ. ಬುಗುರಿಯೂ ಬೊಂಬೆಯೂ ಒಂದೇ ಅಕ್ಷದ ಸುತ್ತ ತಿರುಗುವ ಆಕಾರ. ಪೈಪು ಹಾಗಲ್ಲ. ಬಟ್ಟಲಿನದು ಒಂದು ಅಕ್ಷ, ಕತ್ತಿನದು ಇನ್ನೊಂದು. ಬಟ್ಟಲನ್ನು ಕಡೆಯುವಾಗ ಕತ್ತು ಅಡ್ಡ ಬರುತ್ತದೆ, ಕತ್ತನ್ನು ಕಡೆಯುವಾಗ ಬಟ್ಟಲು ಅಡ್ಡ ಬರುತ್ತದೆ. ಎರಡೂ ಮುಗಿದ ಮೇಲೆ ಬಟ್ಟಲಿನ ಕೆಳಭಾಗ, ಕತ್ತು ಸೇರುವ ಮೂಲೆ ಮರದ ಚೌಕ ಮುದ್ದೆಯಾಗಿಯೇ ಉಳಿದಿರುತ್ತದೆ. ಅದನ್ನು ತೆಗೆಯುವುದು ನಕಲು ಮಾಡುವ ಮಷಿನ್ನು. ಲೋಹದಲ್ಲಿ ಮಾಡಿದ ಮಾದರಿ ಪೈಪು ಒಂದು ಕಡೆ, ಮರದ ತುಂಡು ಇನ್ನೊಂದು ಕಡೆ, ಎರಡೂ ಒಂದೇ ಲಯದಲ್ಲಿ ತಿರುಗುತ್ತವೆ. ಮಾದರಿಯ ಮೈಮೇಲೆ ಒಂದು ಚಕ್ರ ಸವರುತ್ತ ಏರಿಳಿದಂತೆ, ಅದಕ್ಕೆ ಕಟ್ಟಿದ ಕತ್ತರಿಸುವ ಚಕ್ರ ಮರದ ಮೇಲೆ ಅದೇ ದಾರಿಯಲ್ಲಿ ಏರಿಳಿಯುತ್ತದೆ. ಈ ತತ್ವ ಪೈಪಿನವರ ಸ್ವಂತದ್ದಲ್ಲ. ಬಂದೂಕಿನ ಮರದ ಹಿಡಿಯನ್ನು ಹೀಗೆ ಕೊರೆಯುವ ಯಂತ್ರಕ್ಕೆ ಅಮೆರಿಕದ ಥಾಮಸ್ ಬ್ಲಾಂಚಾರ್ಡ್ 1819ರಲ್ಲೇ ರೂಪ ಕೊಟ್ಟಿದ್ದ. ಈಗ ಹಲವು ಕಡೆ ಲೋಹದ ಮಾದರಿಯ ಜಾಗಕ್ಕೆ ಕಂಪ್ಯೂಟರು ಬಂದಿದೆ, ಕೆಲಸ ಅದೇ.

ಸೇಂಟ್ ಕ್ಲೋಡಿನಲ್ಲೇ ಈ ಉದ್ಯಮ ಬೇರೂರಿದ್ದಕ್ಕೆ ಕಾರಣವಿದೆ. ಬ್ರಯರ್ ಬರುವ ಮೊದಲೇ ಅಲ್ಲಿಯವರು ಬಾಕ್ಸ್‌ವುಡ್ ಮರದಲ್ಲಿ ಜಪಮಣಿ, ನಶ್ಯದ ಡಬ್ಬಿ ಕಡೆಯುವುದರಲ್ಲಿ ಪಳಗಿದ್ದರು. ಬಿಯೆನ್ ಮತ್ತು ಟಕೋನ್ ನದಿಗಳ ನೀರಿನ ಬಲದಲ್ಲಿ ಚಕ್ರಗಳು ತಿರುಗುತ್ತಿದ್ದವು. 1850ರ ದಶಕದಲ್ಲಿ ಬ್ರಯರ್ ಬಂದಾಗ ಕೈಯೂ ಇತ್ತು, ನೀರೂ ಇತ್ತು. ಊರಿನಲ್ಲಿ ಈಗ ಪೈಪು ಮತ್ತು ವಜ್ರದ ವಸ್ತುಸಂಗ್ರಹಾಲಯವಿದೆ. ವಜ್ರಕ್ಕೆ ಸಾಣೆ ಹಿಡಿಯುವುದು ಅಲ್ಲಿಯ ಇನ್ನೊಂದು ಕಸುಬು.

ಮಷಿನ್ನಿನಿಂದ ಬಿದ್ದ ಬಟ್ಟಲುಗಳು ಬೆಳಕಿನ ಕೆಳಗಿನ ಮೇಜಿಗೆ ಬರುತ್ತವೆ. ನನ್ನ ಲೆಕ್ಕದಲ್ಲಿ ಕಾರ್ಖಾನೆಯ ಜೀವ ಇರುವುದು ಆ ಮೇಜಿನ ಮೇಲೆ. ಕೊರೆಯುವ ಮುನ್ನ ಎಲ್ಲ ತುಂಡೂ ಒಂದೇ. ಕೊರೆದ ಮೇಲೆ ಒಂದರಲ್ಲಿ ಸೂಜಿಮೊನೆಯಷ್ಟು ಗುಳಿ, ಇನ್ನೊಂದರಲ್ಲಿ ಮರಳು ಕಾಳು ಕೂತಿದ್ದ ಕುಳಿ, ಮತ್ತೊಂದರಲ್ಲಿ ಕೂದಲಿನಂಥ ಬಿರುಕು. ಬಿರುಕಿದ್ದದ್ದು ಬಟ್ಟಲಿನ ಗೋಡೆಯಲ್ಲಾದರೆ ಒಲೆಗೆ ಸೇರುತ್ತದೆ. ಶಾಖ ಕುಡಿದಂತೆ ಅದು ಬೆಳೆಯುತ್ತದೆ, ಒಂದು ದಿನ ಅಲ್ಲೇ ಸುಟ್ಟು ತೂತಾಗುತ್ತದೆ. ಹೊರಮೈಯ ಸಣ್ಣ ಗುಳಿ ಹಾಗಲ್ಲ, ಸೇದುವುದಕ್ಕೆ ಅದರಿಂದ ಏನೂ ತೊಂದರೆಯಿಲ್ಲ, ಕಣ್ಣಿಗೆ ಮಾತ್ರ ಕುಂದು. ಒಂದೂ ಗುಳಿಯಿಲ್ಲದೆ ಎಳೆಗಳು ಬೆಂಕಿಯ ನಾಲಿಗೆಯಂತೆ ನೆಟ್ಟಗೆ ಏರಿದ್ದು ಸಿಗುವುದು ಬಲು ಅಪರೂಪ. ಅದಕ್ಕೆ ತೆಳು ಬಣ್ಣ ಕೊಟ್ಟು ಕಂಪನಿಯ ದೊಡ್ಡ ಹೆಸರು ಒತ್ತುತ್ತಾರೆ. ಒಂದೆರಡು ಗುಳಿಯಿದ್ದರೆ ಗಾಢ ಬಣ್ಣ. ಇನ್ನೂ ಹೆಚ್ಚಿದ್ದರೆ ಎರಡು ದಾರಿ: ಮೈಯನ್ನೇ ಒರಟು ಮಾಡುವುದು, ಇಲ್ಲವೇ ಪುಟ್ಟಿ.

ಒರಟು ಮಾಡುವ ಬಗೆಗಳಲ್ಲಿ ಚೆಲುವಾದದ್ದು ಮರಳು ಹೊಡೆಯುವುದು. ಒತ್ತಡದ ಗಾಳಿಯಲ್ಲಿ ಮರಳನ್ನೋ ಗಾಜಿನ ಕಾಳನ್ನೋ ಬಟ್ಟಲಿಗೆ ಎರಚಿದರೆ ಮೆತ್ತನೆಯ ಪದರ ಸವೆದು ಗಟ್ಟಿ ಉಂಗುರಗಳು ಏಣುಗಳಾಗಿ ನಿಲ್ಲುತ್ತವೆ, ಗುಳಿಗಳು ಅದರಲ್ಲಿ ಕರಗಿಹೋಗುತ್ತವೆ. ಲಂಡನ್ನಿನ ಆಲ್ಫ್ರೆಡ್ ಡನ್‌ಹಿಲ್ ಕಂಪನಿ 1917ರ ಹೊತ್ತಿಗೆ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿ ‘ಶೆಲ್’ ಎಂಬ ಹೆಸರಿನಲ್ಲಿ ಮಾರಿತು. ಕುಂದು ಮುಚ್ಚಲು ಒದಗಿದ ಉಪಾಯ ಜನ ಕೇಳಿ ಕೊಳ್ಳುವ ಸೊಗಸಾಯಿತು.

ನಿಮ್ಮ ಪೈಪು ಪುಟ್ಟಿಯ ದಾರಿಯಲ್ಲಿ ಬಂದದ್ದು. ಗುಳಿಯನ್ನು ಮೊನಚು ಉಳಿಯಿಂದ ಕೆದಕಿ, ಒಳಗಿನ ಮಣ್ಣು, ಸಡಿಲ ಮರ ತೆಗೆದು, ಮರದ ಬಣ್ಣಕ್ಕೆ ಹೊಂದುವ ಪುಟ್ಟಿಯನ್ನು ಒತ್ತಿ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡುತ್ತಾರೆ. ಆಗ ಅದು ಕಾಣುವುದೇ ಇಲ್ಲ. ಆದರೆ ಮುಂದೆ ಹಚ್ಚುವ ಬಣ್ಣ ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಮರ ಅದನ್ನು ಕುಡಿಯುತ್ತದೆ, ಪುಟ್ಟಿ ಕುಡಿಯುವುದಿಲ್ಲ. ಜೊತೆಗೆ ಸೇದಿದಂತೆ ಮರ ವರ್ಷ ವರ್ಷಕ್ಕೂ ಕಪ್ಪೇರುತ್ತದೆ, ಪುಟ್ಟಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಅಂಗಡಿಯಲ್ಲಿದ್ದಾಗ ಮರೆಯಾಗಿದ್ದ ಚುಕ್ಕೆ ನಿಮ್ಮ ತಾತ ಸೇದಿದಷ್ಟೂ ಎದ್ದು ಕಂಡಿದೆ.

ಈಗ ಸ್ಟೆಮ್. ನಿಮ್ಮದು ವಲ್ಕನೈಟ್, ಎಬೊನೈಟ್ ಎಂದರೂ ಅದೇ. ರಬ್ಬರಿಗೆ ಅದರ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಗಂಧಕ ಬೆರೆಸಿ ಬೇಯಿಸಿದರೆ ಸಿಗುವ ಗಟ್ಟಿ ವಸ್ತು. ಟೈರಿನ ರಬ್ಬರಿಗೆ ಹಾಕುವ ಗಂಧಕ ಇದರ ಮುಂದೆ ಚಿಟಿಕೆಯಷ್ಟು. ಬಿಸಿಲು, ತೇವ, ಎಂಜಲು ತಾಗಿದಂತೆ ಮೇಲ್ಮೈ ಆಕ್ಸಿಡೀಕರಣಗೊಂಡು ಗಂಧಕ ಹೊರಬೀಳುತ್ತದೆ. ಹಸಿರುಗಂದು ಬಣ್ಣವೂ ನಾಲಿಗೆಗೆ ತಾಗುವ ಒಗರೂ ಅದರದ್ದೇ. ಈಚಿನ ಪೈಪುಗಳಲ್ಲಿ ಅಕ್ರಿಲಿಕ್ ಹೆಚ್ಚು. ಅದು ಬಣ್ಣಗೆಡುವುದಿಲ್ಲ, ಹಲ್ಲಿಗೆ ಮಾತ್ರ ಗಡುಸು.

ಕಾರ್ಖಾನೆ ಸ್ಟೆಮ್ಮನ್ನು ಅಚ್ಚಿನಲ್ಲಿ ಎರಕ ಹೊಯ್ದದ್ದಾಗಿ ತರಿಸಿಕೊಳ್ಳುತ್ತದೆ. ಎರಡೂ ಅಂಚಿಗೆ ಅಚ್ಚಿನ ಕೂಡುಗೆರೆ ಇರುತ್ತದೆ, ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ಅಗ್ಗದ ಪೈಪಿನಲ್ಲಿ ಈ ಗೆರೆ ಉಗುರಿಗೆ ಇನ್ನೂ ಸಿಗುತ್ತದೆ. ಕತ್ತಿನೊಳಗೆ ಹೋಗುವ ಮೂತಿಯನ್ನು ಬೇಕೆಂದೇ ದಪ್ಪ ಬಿಟ್ಟಿರುತ್ತಾರೆ. ಒಂದೊಂದು ಬಟ್ಟಲಿನ ತೂತಿಗೂ ತಕ್ಕಂತೆ ಅದನ್ನು ಕಡೆದು, ಕೂರಿಸಿ ನೋಡಿ, ಮತ್ತೆ ಕಡೆದು ಹೊಂದಿಸುತ್ತಾರೆ. ಬಾಗಿಸಬೇಕಾದರೆ ಕಾದ ಮರಳಿನಲ್ಲೋ ಒಲೆಯಲ್ಲೋ ಮೆತ್ತಗಾಗಿಸಿ, ಒಳದಾರಿ ಮುಚ್ಚದಂತೆ ತಂತಿ ತೂರಿಸಿ, ಅಚ್ಚಿನ ಮೇಲೆ ಬಗ್ಗಿಸಿ ತಣ್ಣೀರಿಗೆ ಹಾಕುತ್ತಾರೆ. ಎಬೊನೈಟಿಗೆ ಜ್ಞಾಪಕಶಕ್ತಿ ಜೋರು. ಎಂದೋ ಬಗ್ಗಿಸಿದ ಸ್ಟೆಮ್ಮನ್ನು ಕುದಿಯುವ ನೀರಿಗೆ ಹಾಕಿದರೆ ಮೆಲ್ಲಗೆ ನೆಟ್ಟಗಾಗತೊಡಗುತ್ತದೆ.

ಸ್ಟೆಮ್ ಕೂತ ಮೇಲೆ ಬಟ್ಟಲೂ ಅದೂ ಬೇರೆಯಾಗುವುದಿಲ್ಲ. ಎರಡನ್ನೂ ಜೋಡಿಸಿಯೇ ತಿರುಗುವ ಉಜ್ಜುಚಕ್ರಕ್ಕೆ ಹಿಡಿಯುತ್ತಾರೆ. ಒರಟಿನಿಂದ ನಯಕ್ಕೆ ನಾಲ್ಕೈದು ಬಾರಿ ಚಕ್ರ ಬದಲಾಗುತ್ತದೆ. ಮರದಿಂದ ರಬ್ಬರಿಗೆ ಬೆರಳು ಸವರಿದರೆ ಕೂಡು ತಿಳಿಯದಿರುವುದು ಹೀಗೆ ಒಟ್ಟಿಗೆ ಸವೆದದ್ದರಿಂದ. ಸ್ಟೆಮ್ಮನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಿ, ಒಂದು ಬದಿಯಲ್ಲಿ ಸಣ್ಣ ಮೆಟ್ಟಿಲು ಏಳುತ್ತದೆ. ಒಂದು ಪೈಪಿನ ಸ್ಟೆಮ್ ಅದೇ ನಂಬರಿನ ಇನ್ನೊಂದಕ್ಕೆ ಸರಿಹೋಗದಿರುವುದೂ ಇದರಿಂದಲೇ. ಇದು ಪೂರ್ತಿ ಕೈಯ ಕೆಲಸ, ಚಕ್ರಕ್ಕೆ ಎಷ್ಟು ಒತ್ತಬೇಕು ಎಂಬುದು ಬೆರಳಿಗೆ ಮಾತ್ರ ಗೊತ್ತು. ಒಂದಿಷ್ಟು ಹೆಚ್ಚು ಒತ್ತಿದರೆ ಬಟ್ಟಲಿನ ಬಾಯಂಚು ಉರುಟಾಗುತ್ತದೆ, ಗೆರೆ ಚೂಪಾಗಿರಬೇಕಾದ ಆಕಾರ ಸಾಬೂನಿನಂತೆ ಜಾರಿಹೋಗುತ್ತದೆ.

ಆಮೇಲೆ ಉಕ್ಕಿನ ಅಚ್ಚಿನಿಂದ ಹೆಸರು, ನಂಬರು. ಬಳಿಕ ಬಣ್ಣ. ಎಳೆ ಎದ್ದು ಕಾಣಬೇಕಾದರೆ ಮೊದಲು ಕಪ್ಪು ಹಚ್ಚಿ ಉಜ್ಜಿಬಿಡುತ್ತಾರೆ. ಮೆತ್ತನೆಯ ಎಳೆಯಲ್ಲಿ ಕಪ್ಪು ಇಳಿದು ಉಳಿಯುತ್ತದೆ, ಗಟ್ಟಿ ಎಳೆಯಿಂದ ಹೋಗುತ್ತದೆ, ಅದರ ಮೇಲೆ ಕೆಂಪೋ ಕಂದೋ. ಕೊನೆಗೆ ಬಟ್ಟೆಯ ಚಕ್ರದಲ್ಲಿ ಕಾರ್ನೂಬಾ ಮೇಣ. ಅದು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುವ ಗಟ್ಟಿ ಮೇಣವಾದ್ದರಿಂದ ಚಕ್ರದ ತಿಕ್ಕಾಟದ ಬಿಸಿಯಲ್ಲೇ ಹರಡಬೇಕು, ಕೈಯಲ್ಲಿ ಉಜ್ಜಿದರೆ ಕದಲುವುದಿಲ್ಲ. ತೀರಾ ಅಗ್ಗದ ಪೈಪಿಗೆ ಮೇಣದ ಬದಲು ವಾರ್ನಿಶ್ ಹೊಡೆಯುತ್ತಾರೆ, ಬಿಸಿಗೆ ಅದು ಗುಳ್ಳೆಯೆದ್ದು ಸುಲಿಯುತ್ತದೆ. ತಂಬಾಕಿನ ಗುಳಿಯ ಒಳಗೆ ಇದ್ದಿಲ ಪುಡಿ ಬೆರೆಸಿದ ಕಪ್ಪು ಲೇಪ ಹಚ್ಚುವುದು ಮರ ಮೊದಲ ಕೆಲವು ಸಲ ಸುಡದಿರಲಿ ಎಂದು. ಒಳಗಿನ ಪುಟ್ಟಿಯನ್ನು ಮರೆಮಾಡಲೂ ಅದು ಒದಗುತ್ತದೆ ಎಂಬ ಗುಮಾನಿ ಕೊಳ್ಳುವವರಿಗೆ ಯಾವತ್ತೂ ಇದ್ದದ್ದೇ.

ಇನ್ನು ನಿಮ್ಮ ಮರದ ಮಾತು. ಹಾಲೆ ಬೇಡ. ಅಲಗಿಗೆ ಬೆಣ್ಣೆಯಂತೆ ಸಿಗುವ ಮರ ಕೆಂಡಕ್ಕೂ ಅಷ್ಟೇ ಸುಲಭವಾಗಿ ಸಿಗುತ್ತದೆ, ಬಟ್ಟಲು ಬೇಗ ಸುಟ್ಟು ತೂತಾಗುತ್ತದೆ. ಬೀಟೆ ಗಟ್ಟಿಯೇನೋ ಹೌದು, ಆದರೆ ಅದರಲ್ಲಿರುವ ಎಣ್ಣೆಯಂಶಗಳ ದೂಳಿಗೇ ಎಷ್ಟೋ ಬಡಗಿಗಳ ಮೈ ತುರಿಸುತ್ತದೆ. ಅದನ್ನು ಬಿಸಿ ಮಾಡಿ ಬಾಯಿಂದ ಎಳೆಯುವುದು ಬೇಡ. ಕತ್ತಿನ ತುದಿಗೆ ಅಲಂಕಾರದ ಉಂಗುರವಾಗಿ ಬಳಸಿಕೊಳ್ಳಬಹುದು, ಅಲ್ಲಿ ಶಾಖ ತಾಗದು. ಬ್ರಯರಿಗೆ ಬದಲಿ ಹುಡುಕಿದ್ದು ನೀವೇ ಮೊದಲಲ್ಲ. ಎರಡನೇ ಮಹಾಯುದ್ಧದಲ್ಲಿ ಮೆಡಿಟರೇನಿಯನ್ ದಾರಿ ಕಟ್ಟಿಹೋದಾಗ ಅಮೆರಿಕದವರು ತಮ್ಮಲ್ಲಿಯ ಮೌಂಟನ್ ಲಾರೆಲ್, ಮಾಂಜನೀಟಾ ಪೊದೆಗಳ ಗಂಟನ್ನು ಕೊರೆದರು. ಯುದ್ಧ ಮುಗಿದು ಬ್ರಯರ್ ಬಂದದ್ದೇ ಅವನ್ನು ಕೈಬಿಟ್ಟರು. ಕೈ ಸುಮ್ಮನಿರದಿದ್ದರೆ ಗುಳಿ, ಹೊಗೆದಾರಿ ಕೊರೆದು ಸ್ಟೆಮ್ ಕೂರಿಸಿಯೇ ಮಾರುವ ಬ್ರಯರ್ ತುಂಡುಗಳಿವೆ, ಅವನ್ನು ತರಿಸಿಕೊಳ್ಳಿ. ಕಷ್ಟದ ನಾಲ್ಕು ಮಿಲಿಮೀಟರನ್ನು ಬೇರೆಯವರು ಮಾಡಿಕೊಟ್ಟಿರುತ್ತಾರೆ, ಹೊರ ಆಕಾರ ನಿಮ್ಮ ಅರಕ್ಕೆ ಬಿಟ್ಟದ್ದು. ಗೋಡೆಯನ್ನು ಎಲ್ಲೂ ಆರು ಮಿಲಿಮೀಟರಿಗಿಂತ ತೆಳ್ಳಗೆ ಮಾಡಬೇಡಿ.

ತಾತನ ಪೈಪನ್ನು ಹೊಸದು ಮಾಡುವ ಆಸೆಯಿದ್ದರೆ ಸ್ಟೆಮ್ಮನ್ನು 400ರ ನೀರು ಸ್ಯಾಂಡ್ ಪೇಪರಿನಿಂದ ಶುರು ಮಾಡಿ 2000ದವರೆಗೆ ಒದ್ದೆಯಾಗಿಯೇ ಉಜ್ಜಿ, ಹಸಿರೆಲ್ಲ ಹೋಗಿ ಕಪ್ಪು ಮರಳುತ್ತದೆ. ಆದರೆ ಬಟ್ಟಲಿನಿಂದ ಬಿಚ್ಚಿ ಒಂದನ್ನೇ ಉಜ್ಜಿದರೆ ಕೂಡಿನ ಅಂಚು ಉರುಟಾಗುತ್ತದೆ. ಕತ್ತಿಗೆ ಎರಡು ಸುತ್ತು ಟೇಪು ಸುತ್ತಿ, ಜೋಡಿಸಿಕೊಂಡೇ ಉಜ್ಜಿ. ಆ ಟೇಪು ಅಚ್ಚೊತ್ತಿದ ಅಕ್ಷರಗಳನ್ನೂ ಕಾಯುತ್ತದೆ, ಒಮ್ಮೆ ಸವೆದರೆ ಅವು ಮತ್ತೆ ಬರುವುದಿಲ್ಲ. ಸ್ಟೆಮ್ ಬಿಗಿದುಕೊಂಡಿದ್ದರೆ ಎಳೆದಾಡಬೇಡಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕತ್ತನ್ನೇ ಹಿಡಿದು ಮೆಲ್ಲಗೆ ತಿರುಗಿಸುತ್ತ ಹೊರಗೆ ತನ್ನಿ. ಬಟ್ಟಲನ್ನು ಹಿಡಿದು ತಿರುಗಿಸಿದರೆ ಕತ್ತು ಸೀಳುತ್ತದೆ. ಕೆಂಪು ಚುಕ್ಕೆಗಳನ್ನು ಕೆದಕಲು ಹೋಗಬೇಡಿ. ಬೇಕಿದ್ದರೆ ತೆಳು ಕುಂಚದಲ್ಲಿ ಚುಕ್ಕೆಯ ಮೇಲಷ್ಟೇ ಕಂದು ಬಣ್ಣ ಮುಟ್ಟಿಸಿ ಮೇಣ ಹಾಕಿ.